ಹೊದಿಕೆಯೊಳಗಿನ ಕೈ

ಪ್ವೆಬ್ಲಾ ಊರಿನ ನಮ್ಮ ಕೇರಿಯಲ್ಲಿ ಸಂತನ ಹಬ್ಬ ಬಂತೆಂದರೆ ಕಾಮಿಕ್ ಪುಸ್ತಕದ ಮುಖಪುಟದಂಥ ದೊಡ್ಡ ಚಿತ್ರವೊಂದನ್ನು ಚರ್ಚಿನ ಗೋಡೆಗೆ ಹಚ್ಚುತ್ತಾರೆ. ಅದರಲ್ಲಿ ಸಾಹಸ ಮಾಡುವವರೆಲ್ಲ ಕೇರಿಯವರೇ. ಇಷ್ಟು ವರ್ಷ ಅದನ್ನು ಬರೆದವನು ನಾನು. ಈ ಸಲ ಸಮಿತಿಯವರು ಆ ಕೆಲಸವನ್ನು ನೆಲಿದಾ ಎಂಬ ನಿನ್ನೆ ಮೊನ್ನೆಯ ಹುಡುಗಿಗೆ ಕೊಟ್ಟರು.

ತಪ್ಪು ಹುಡುಕಲೆಂದೇ ಹೆಂಡತಿ ಒಬ್ದುಲಿಯಾಳನ್ನು ಕರೆದುಕೊಂಡು ಹೋದೆ. ನೋಡಿದರೆ ಚಿತ್ರದಲ್ಲಿ ನನ್ನ ಹೆಂಡತಿಯೇ ನಾಯಕಿ! ಟೋರ್ಟಿಯಾ ರೊಟ್ಟಿ ಬೇಯಿಸುವ ಕಾವಲಿಯನ್ನು ಗುರಾಣಿಯಂತೆ ಹಿಡಿದು ಡ್ರ್ಯಾಗನ್ನಿನ ಎದುರು ನಿಂತಿದ್ದಳು.

"ಡ್ರ್ಯಾಗನ್ನಾ ಇದು? ಓತಿಕ್ಯಾತ ಇದ್ದಂಗಿದೆ," ಅಂದೆ.

ಪಕ್ಕದಲ್ಲಿದ್ದ ಕಟುಕ ಫಿದೆನ್ಸಿಯೊ ಮೂಗು ಅರಳಿಸಿದ. "ಎಲ್ಲೋ ಹೊಟ್ಟೆ ಉರಿದ ವಾಸನೆ ಬರ್ತಿದೆಯಲ್ಲ, ಮಾರಾಯ."

ಒಬ್ದುಲಿಯಾ ಚಿತ್ರವನ್ನೇ ನೋಡುತ್ತಿದ್ದಳು. "ನನ್ನ ಕೈ ಮೇಲಿನ ಕಾವಲಿ ಸುಟ್ಟ ಕಲೆನೂ ಬರ್ದಿದಾಳೆ ಆ ಹುಡುಗಿ. ನೀನು ಬರ್ದಾಗೆಲ್ಲ ನನ್ನ ಕೈ ಆ ಸೂಪರ್‌ಹೀರೋ ಥರದ ಕೆಂಪು ಹೊದಿಕೆ ಒಳಗೇ ಇರ್ತಿತ್ತು."

ಕೈ ಬರೆಯಲು ನನಗೆ ಬರುವುದಿಲ್ಲ. ಅದನ್ನು ಹೇಳುವುದುಂಟೇ?

"ಅದು ನನ್ನ ಶೈಲಿ ಕಣೇ," ಅಂದೆ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. "ಹಾಗಾದ್ರೆ ಹೇಳು, ಕಲೆ ಯಾವ ಕೈಲಿದೆ?"

ಉತ್ತರಕ್ಕೆ ನಾನು ಆ ನೆಲಿದಾಳ ಚಿತ್ರವನ್ನೇ ನೋಡಬೇಕಾಯಿತು.