ದೋನ್ಯಾ ಚೋನಾ ಬೀದಿ

"ಈರುಳ್ಳಿ ಹೊಲದಾಗೆ ಮನೆ ಐತೆ ಅಂತೀಯಲ್ಲ, ಹೆಗ್ಗಣವೇನಮ್ಮ ನೀನು?"

ಆಸ್ಪತ್ರೆ ವ್ಯಾನು ಕಳಿಸುವ ಕಚೇರಿಯವನು ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಮಾವ ಹಸಿಂತೊ ಒಗೆದ ಅಂಗಿ ತೊಟ್ಟು, ತಲೆ ಬಾಚಿ, ಡಯಾಲಿಸಿಸ್‌ಗೆ ಹೊರಟು ಕುಳಿತಿದ್ದರು. ಕಾಲು ಆಗಲೇ ಊದಿಕೊಂಡಿತ್ತು. ಫೋನಿನಲ್ಲಿ ನಕ್ಷೆ ಹಾಕಿ ದಾರಿ ತೋರಿಸುವ ಕಂಪನಿಗಳು ಮೂರಿವೆ, ಒಂದನ್ನು ಕಂಡರೆ ಇನ್ನೊಂದಕ್ಕಾಗದು. ಒಂದರ ಪ್ರಕಾರ ನಾವಿರುವುದು ಈರುಳ್ಳಿ ಹೊಲದಲ್ಲಿ, ಇನ್ನೊಂದರ ಪ್ರಕಾರ ಕಾಲುವೆಯೊಳಗೆ. ಮೂರನೆಯದು ಮರ್ಯಾದಸ್ಥ ಕಂಪನಿ, ನಾವು ಇಲ್ಲವೇ ಇಲ್ಲ ಎಂದಿತು. ವ್ಯಾನು ಬರಲಿಲ್ಲ.

ಟೆಕ್ಸಾಸ್‌ನ ಈ ಮೂಲೆಯಲ್ಲಿ ನಮಗೆ ಮನೆ ಜಾಗ ಮಾರಿದವನು ಸ್ಟ್ರೌಡ್. ನೀರು, ಚರಂಡಿ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದ, ಮಾಡಿಸಲಿಲ್ಲ. ಬೀದಿಯೇ ಇಲ್ಲವೆಂದಾದರೆ ಚರಂಡಿ ಎಲ್ಲಿ ಎಂದು ಸರ್ಕಾರದವರು ಯಾಕೆ ಕೇಳುತ್ತಾರೆ? ನನ್ನ ಅತ್ತೆ ಚೋನಾ ಮಾತ್ರ ಅವನನ್ನು ಕೇಳುತ್ತಿದ್ದರು. ಅವನ ಕಾರು ಕಂಡರೆ ಲಟ್ಟಣಿಗೆ ಹಿಡಿದೇ ಹೊರಗೆ ಬರುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವರ ಎದೆನೋವಿಗೆ ಕರೆಸಿದ ಆಂಬುಲೆನ್ಸ್ ಹೊಲದ ಸುತ್ತ ಗಿರಕಿ ಹೊಡೆಯಿತು. ಸೈರನ್ ನಮಗೆಲ್ಲ ಕೇಳುತ್ತಲೇ ಇತ್ತು. ಬರುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅವರ ಮಗಳು ಎಲ್ವಿರಾ, ನನ್ನ ನಾದಿನಿ, ಈರುಳ್ಳಿ ಮಂಡಿಯಲ್ಲಿ ಮೂಟೆ ಹೊಲಿಯುವವಳು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಮುಕ್ತ ನಕ್ಷೆಯೊಂದಿದೆ ಎಂದು ಅಲ್ಲಿ ಕೇಳಿಕೊಂಡು ಬಂದಳು. ಫೋನು ಹಿಡಿದು ಬೀದಿಯುದ್ದ ನಡೆದರೆ ಜಾಡೇ ಗೆರೆಯಾಗುತ್ತದಂತೆ. ನಡೆದಳು. ಕೆಸರಿನ ಹೊಂಡ ಬಂದಾಗ ನಾವೆಲ್ಲ ಮಾಡುವಂತೆ ಅವಳೂ ನೆರೆಮನೆಯ ರಾಮೋನನ ಅಂಗಳ ಹತ್ತಿ, ಕಾಫಿ ಕುಡಿದು ಆಚೆ ಇಳಿದಳು. ನಕ್ಷೆಯಲ್ಲಿ ನಮ್ಮ ಬೀದಿಗೆ ಬಸುರಿಯ ಹೊಟ್ಟೆ ಬಂತು. ಇನ್ನು ಹೆಸರಿಗೆ ಜಗಳ. ಪ್ರತಿಯೊಬ್ಬರಿಗೂ ಅವರವರ ತಾಯಿಯ ಹೆಸರೇ ಬೇಕು. ಕೊನೆಗೆ ಮಾವ ಬಾಯಿ ಬಿಟ್ಟರು.

"ಕಾದು ಕಾದು ಸತ್ತೋಳು ನಮ್ಮೋಳು ಕಣ್ರಪ್ಪಾ. ಅವಳ್ದೇ ಇಡಿ."

ಮೂರು ಕಂಪನಿಗಳಲ್ಲಿ ಒಂದು ನಮ್ಮ ಗೆರೆ ಎತ್ತಿಕೊಂಡಿತು. ಅದು ಮುಂದೆ ಹೋಗಿಬಿಟ್ಟಿತಲ್ಲ ಎಂದು ಉಳಿದೆರಡೂ ಎದ್ದೆನೋ ಬಿದ್ದೆನೋ ಎಂದು ಓಡಿಬಂದವು. ಮೂರೂ ನಮ್ಮ ಬೀದಿಯನ್ನು ತಾವೇ ಹೆತ್ತ ಕೂಸಿನಂತೆ ಮೆರೆಸಿದವು. ಮೆರೆಸಲಿ ಬಿಡಿ, ವ್ಯಾನು ಬರತೊಡಗಿತು. ರಾಮೋನನ ಅಂಗಳ ಹಾದೇ ಬರುತ್ತಿತ್ತು, ಅವನ ಕೋಳಿಗಳಿಗೆ ಮಾತ್ರ ಕಷ್ಟವಾಯಿತು.

ಸುದ್ದಿ ತಿಳಿದ ಸ್ಟ್ರೌಡ್ ಬೀದಿಯ ಬಾಯಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ.

"ನಕ್ಷೆ ಹತ್ತಿ ಕೂತ್ಕೊಳ್ಳಿ ಅಂತ ನಿಮ್ಗೆ ಯಾವನ್ರೋ ಹೇಳ್ದೋನು, ಬೋಳಿಮಕ್ಳಾ? ದಾರಿ ನಂದು. ಈರುಳ್ಳಿ ಕಿತ್ಕೊಂಡು ತೆಪ್ಪಗೆ ಬಿದ್ದಿರಿ."

ನಕ್ಷೆಯ ಮೇಲೂ ಅವನೇ ಗೇಟು ಹಾಕಿಸಿದ. ದಾರಿ ಬಂದ್ ಎಂದು ಮೂರು ಕಂಪನಿಗಳೂ, ಜನ್ಮದಲ್ಲಿ ಮೊದಲ ಸಲ, ಒಂದೇ ಮಾತು ಹೇಳಿದವು. ವ್ಯಾನು ಮತ್ತೆ ನಿಂತಿತು. ಮಾವನಿಗೆ ಈಗ ಮುಖವೂ ಊದಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು.

ಬೆಳಿಗ್ಗೆ ನಾವು ಹೆಂಗಸರು ಈರುಳ್ಳಿ ಕೀಳಲು ಹೋಗಲಿಲ್ಲ. ಹಾರೆ ಕೊಟ್ಟು ಗೇಟನ್ನು ಎಬ್ಬಿಸಿ ನೆಲಕ್ಕೆ ಮಲಗಿಸಿದೆವು. ಎಲ್ವಿರಾ ಅಲ್ಲೇ ನಿಂತು ನಕ್ಷೆಯಿಂದಲೂ ಗೇಟು ಅಳಿಸಿ, ಕಚೇರಿಗೆ ಫೋನು ಮಾಡಿದಳು. ವ್ಯಾನು ಬಂತು. ಮಾವನನ್ನು ಹತ್ತಿಸಿ ಕಳಿಸಿದ ಮೇಲೆ ನಾವು ಆ ಗೇಟಿನ ಮೇಲೆಯೇ ಕುಳಿತೆವು.

ಸ್ಟ್ರೌಡ್ ಬಂದವನೇ ಶೆರಿಫ್‌ಗೆ ಫೋನು ಹಚ್ಚಿದ. ಎಲ್ಲಿಗೆ ಬರಬೇಕು ಎಂದು ಅತ್ತಲಿಂದ ಕೇಳಿದರು. ನನ್ನ ಜಮೀನಿಗೆ ಎಂದ. ಯಾವ ಬೀದಿ ಎಂದರು. ಈರುಳ್ಳಿ ಹೊಲದ ಪಕ್ಕ ಎಂದ. ಇಲ್ಲಿ ಇರುವುದೆಲ್ಲ ಈರುಳ್ಳಿ ಹೊಲವೇ, ಬೀದಿ ಹೇಳಿ ಸ್ವಾಮಿ ಎಂದರು. ನಾವು ಅವನ ಬಾಯಿಯನ್ನೇ ನೋಡುತ್ತಿದ್ದೆವು. ಅವನ ಕತ್ತು ಕೆಂಪಗಾಯಿತು.

"ಚೋನಾ ಬೀದಿ," ಎಂದ.

"ನಮ್ಮವ್ವನ್ನ ಹಂಗೆ ಬರೀ ಹೆಸರಿಡಿದು ಕೂಗ್ಬೇಡಿ ಸಾಹೇಬ್ರೆ," ಎಂದಳು ಎಲ್ವಿರಾ. "ದೊಡ್ಡೋರು. ದೋನ್ಯಾ ಚೋನಾ ಅನ್ನಿ."

ಶೆರಿಫನ ಕಾರು ಎಲ್ಲಿಯೂ ದಾರಿ ತಪ್ಪದೆ ಬಂತು. ನಮ್ಮಲ್ಲಿ ಯಾರೂ ಗೇಟಿನ ಮೇಲಿಂದ ಏಳಲಿಲ್ಲ.