ಕೆಂಪು ದಾರದ ಜಾಡಿ

ಮುಚ್ಚಳ ತಿರುಗಿಸಿದ್ದೇ ತಡ, ಜಾಡಿಯೊಳಗಿಂದ ಬುಸ್ಸೆಂದು ಗಾಳಿ ಬಂತು, ಅದರ ಬೆನ್ನಿಗೇ ವಾಸನೆ. ಸೊಸೆ ಮುಖ ಆಚೆಗೆ ತಿರುಗಿಸಿದಳು. ಹುಳಿತ ಹಣ್ಣು, ಒಣಗದ ಗೋಣಿಚೀಲ, ಕುಡಿದವನು ಮಲಗೆದ್ದ ಕೋಣೆ, ಎಲ್ಲವೂ ಅದರಲ್ಲಿದ್ದವು. ಕಳೆದ ವರ್ಷದ ಅಂಜೂರದ ಜಾಮಿನ ಮೇಲೆ ಬೆರಳು ದಪ್ಪ ಬೂಷ್ಟು ಬೆಳೆದಿತ್ತು. ಅಂಚಿನಲ್ಲಿ ಬಿಳಿ, ನಡುವೆ ಹಸಿರು, ಸತ್ತ ಇಲಿಯ ಮೈಮೇಲಿನ ಕೂದಲಿನಷ್ಟು ನವಿರು. ಉಸಿರು ಬಿಗಿಹಿಡಿದು ಜಾಡಿಯನ್ನೆತ್ತಿಕೊಂಡು ಅವಳು ಹಿತ್ತಲ ಬಾಗಿಲ ಕಡೆ ಹೊರಟಳು.

"ಎಲ್ಲಿಗೆ?" ಎಂದರು ಅತ್ತೆ.

"ಚೆಲ್ಲೋಕೆ."

"ಚೆಲ್ಲೋಕಾ? ಹಣ್ಣೇನು ನಿಮ್ಮಪ್ಪನ ಮನೆ ಮರದ್ದಾ? ಇಲ್ಲಿ ಇಡು."

ಅತ್ತೆ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಎಡಗೈಯ ಬೆರಳಿಂದಲೇ ಅಡುಗೆಮನೆ ಆಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಸೊಸೆ ಈ ಮನೆಯ ಅಂಜೂರವನ್ನು ಕಿತ್ತಿದ್ದಾಳೆ, ತೊಳೆದಿದ್ದಾಳೆ, ಹೆಚ್ಚಿದ್ದಾಳೆ, ಪಾತ್ರೆ ಉಜ್ಜಿ ಉಜ್ಜಿ ಉಗುರು ಸವೆಸಿಕೊಂಡಿದ್ದಾಳೆ. ಆದರೆ ಹಂಗಾಮಿನ ಕಡೆಯ ಹಂಡೆಯ ದಿನ ಅತ್ತೆ ಅವಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ತಾವೊಬ್ಬರೇ ಕುದಿಸುತ್ತಿದ್ದರು. ಕೈಗುಣ ಹೇಳಿಕೊಡುವಂಥದಲ್ಲ ಎನ್ನುತ್ತಿದ್ದರು. ಈ ವರ್ಷ ಆ ಕೈಯೇ ಮುರಿದದ್ದರಿಂದ ಬೆಳಿಗ್ಗೆ ಸೊಸೆಯನ್ನು ಕರೆದು, ಇನ್ನು ಮುಂದೆ ಕಡೆಯ ಹಂಡೆ ನಿನ್ನದೇ ಎಂದಿದ್ದರು. ಸೊಸೆಗೆ ಖುಷಿಯಾಗಿತ್ತು. ಕಡೆಗೂ ತನ್ನನ್ನು ಮನೆಯವಳೆಂದು ಎಣಿಸಿದರಲ್ಲ ಎಂದುಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು, ಪೆದ್ದಿ.

ಅತ್ತೆ ಹೇಳಿಕೊಟ್ಟರು. ಬೂಷ್ಟನ್ನು ಕಲಕಬಾರದು, ಚಮಚವನ್ನು ಅಂಚಿನಿಂದ ಇಳಿಸಿ ರೊಟ್ಟಿ ಎತ್ತಿದ ಹಾಗೆ ಎತ್ತಬೇಕು. ಕೆಳಗೆ ನೊರೆ ಬಂದಿದ್ದರೆ ಬರಲಿ, ಬೆಂಕಿ ಕಂಡರೆ ಅಡಗುತ್ತದೆ. ಮರದ ಕೆಳಗೆ ಬಿದ್ದ ಹಣ್ಣು ಬುಟ್ಟಿಯಲ್ಲಿದೆ, ಅದನ್ನೂ ಸೇರಿಸು. ಸೊಸೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಬಿದ್ದು ಒಡೆದ ಹಣ್ಣುಗಳು, ಕಣಜ ಕೊರೆದವು, ಹಕ್ಕಿ ಕುಕ್ಕಿದವು. ಒಂದನ್ನು ಬಿಚ್ಚಿದಳು. ಒಳಗೆ ಅಕ್ಕಿಕಾಳಿನ ಗಾತ್ರದ ಬಿಳಿ ಹುಳಗಳು ಯಾರ ಹಂಗೂ ಇಲ್ಲದೆ ಹೊರಳಾಡುತ್ತಿದ್ದವು. ಹುಳ ಎಂದಳು. ಹಣ್ಣಿನ ಹುಳ ಹಣ್ಣನ್ನೇ ತಿಂದು ಬೆಳೆದದ್ದು, ಅದೂ ಹಣ್ಣೇ ಎಂದರು ಅತ್ತೆ, ಆರಾಮವಾಗಿ.

ಇದೆಲ್ಲ ಸಕ್ಕರೆಯ ಜಿಪುಣತನದ ಫಲ ಎಂಬುದು ಸೊಸೆಗೆ ಗೊತ್ತಿತ್ತು. ಹಣ್ಣಿನಷ್ಟೇ ಸಕ್ಕರೆ ಹಾಕಿದರೆ ಜಾಮು ವರ್ಷವಿಡೀ ಕೆಡುವುದಿಲ್ಲ. ಅತ್ತೆ ಅರ್ಧಕ್ಕೆ ಕೈ ತಡೆಯುತ್ತಿದ್ದರು. ಆಮೇಲೆ ಅರ್ಧ ಜಾಡಿಗಳಿಗೆ ಬೂಷ್ಟು ಬಂದರೆ ಹವೆಯನ್ನು ಬೈಯುತ್ತಿದ್ದರು. ಹೋಗಲಿ, ಈ ಮನೆಯವರು ತಮ್ಮ ಹೊಟ್ಟೆಗೆ ತಾವೇ ಇದನ್ನು ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಲಿ ಎಂದುಕೊಂಡು ಅವಳು ಒಂದೊಂದೇ ಜಾಡಿ ಕೆರೆದಳು, ಹಂಡೆಗೆ ಸುರಿದಳು, ಕದಡಿದಳು. ಹಂಡೆ ಬಿಸಿಯಾದಂತೆ ವಾಸನೆ ಎದ್ದು ಗೋಡೆಗೆ, ಕೂದಲಿಗೆ, ಗಂಟಲಿಗೆ ಅಂಟಿತು. ನಡುವೆ ಒಮ್ಮೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡು ಬಂದಳು. ವಾಪಸು ಬಂದಾಗ ಅತ್ತೆ ಎಡಗೈಯಲ್ಲಿ ನಿಂಬೆಸಿಪ್ಪೆ, ಲವಂಗ ಹಿಡಿದುಕೊಂಡು ಕಾಯುತ್ತಿದ್ದರು. ಅವು ಬಿದ್ದು ಸ್ವಲ್ಪ ಹೊತ್ತಿಗೆ ವಾಸನೆ ಮುಲುಗುಟ್ಟುತ್ತ ಅಡಗಿತು. ಮೇಲೆ ಒಳ್ಳೆಯ ಜಾಮಿನ ಪರಿಮಳವೇ ಬರತೊಡಗಿದಾಗ ಸೊಸೆಗೆ ಮೊದಲಿಗಿಂತ ಹೆಚ್ಚು ಹೇಸಿಗೆಯಾಯಿತು.

"ನೋಡು," ಎಂದರು ಅತ್ತೆ, ಮುಖವರಳಿಸಿ. "ಹೊಸದನ್ನೂ ಇದನ್ನೂ ಪಕ್ಕದಲ್ಲಿ ಇಟ್ಟರೆ ನನಗೇ ಗುರುತು ಸಿಗಲ್ಲ ಕಣೇ. ಬಣ್ಣ ಒಂದೇ, ರುಚಿ ಒಂದೇ. ಎಲ್ಲದಕ್ಕೂ ಲವಂಗ ಹಾಕೋದು ಅದಕ್ಕೇ. ಆಮೇಲೆ ದಾರ ನೋಡಿಕೊಂಡರಾಯ್ತು."

"ಯಾವ ದಾರ?"

"ಇದಕ್ಕೆ ಕೆಂಪು. ಮನೆದಕ್ಕೆ ಬಿಳಿ."

ಜಾಡಿಗಳ ಮುಚ್ಚಳದ ಮೇಲೆ ಬಟ್ಟೆಯ ತುಂಡು ಹೊದಿಸಿ ಕುತ್ತಿಗೆಗೆ ದಾರ ಕಟ್ಟುವುದು ಈ ಮನೆಯ ರೂಢಿ. ಕೆಂಪು ದಾರದವು ಒಂದು ಹಲಗೆಯಲ್ಲಿ, ಬಿಳಿಯವು ಇನ್ನೊಂದರಲ್ಲಿ ಇರುವುದನ್ನು ಸೊಸೆ ವರ್ಷಗಳಿಂದ ನೋಡಿದ್ದಳು. ಕೆಂಪಿನವು ಕೊಡುವ ಜಾಡಿಗಳು. ಕೊಡುವುದು ಚೆಂದ ಕಾಣಲಿ ಎಂದು ಬಣ್ಣದ ದಾರ ಎಂದೇ ಅವಳು ತಿಳಿದಿದ್ದಳು. ಅಂಚೆಯವನಿಗೆ ಕೆಂಪು, ಬಟ್ಟೆ ಒಗೆಯುವವಳಿಗೆ ಕೆಂಪು. ಡಾಕ್ಟರಿಗೆ ಮಾತ್ರ ಬಿಳಿ, ಅವರ ನರ್ಸಿಗೆ ಕೆಂಪು. ಅದು ಯಾಕೆ ಹಾಗೆ ಎಂದು ಒಮ್ಮೆಯಾದರೂ ಕೇಳಬಾರದಿತ್ತೆ?

ಅವಳ ಅಮ್ಮನಿಗೂ ಕೆಂಪೇ.

ದಾರದ ಉರುಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ನಿಂತೇಬಿಟ್ಟಳು. ಅಮ್ಮ ದರ್ಜಿ. ಊರಿನ ಆಚೆ ತುದಿಯಲ್ಲಿ, ಹೊಲಿಗೆ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಇರುತ್ತಾಳೆ. ಈ ಕೆಂಪು ಉರುಳೆ ಅವಳು ಕೊಟ್ಟದ್ದು. ಜಾಡಿಗೆ ಹೊದಿಸುವ ತುಂಡುಗಳೂ ಅವಳು ಕತ್ತರಿಸಿ ಉಳಿದವು, ಪ್ರತಿ ವರ್ಷ ಒಂದು ಚೀಲ ತಂದುಕೊಡುತ್ತಾಳೆ. ಬೀಗರ ಮನೆಯ ಜಾಮು ಎಂದರೆ ಅಮ್ಮನಿಗೆ ಎಲ್ಲಿಲ್ಲದ ಅಭಿಮಾನ. ಬೆಳಿಗ್ಗೆ ಬ್ರೆಡ್ಡಿಗೆ ಒಂದೇ ಚಮಚ, ಮುಗಿದುಹೋದೀತು ಎಂಬ ಭಯ. ಬಂದ ಗಿರಾಕಿಗಳಿಗೆಲ್ಲ ತೋರಿಸುವುದು, ನನ್ನ ಮಗಳ ಅತ್ತೆ ಕಳಿಸಿದ್ದು ಎನ್ನುವುದು. ಹೋದ ಚಳಿಗಾಲ ಹೊಟ್ಟೆ ಕೆಟ್ಟು ವಾರಗಟ್ಟಲೆ ಹಾಸಿಗೆ ಹಿಡಿದಿದ್ದಳು. ನಲ್ಲಿ ನೀರಿನದೇ ತಪ್ಪು ಎಂದಿದ್ದರು ಎಲ್ಲರೂ. ಬಾಯಿಗೆ ಏನೂ ರುಚಿಸುವುದಿಲ್ಲ ಎಂದಾಗ ಈ ಸೊಸೆಯೇ, ಅಮ್ಮನ ಮಗಳೇ, ಇನ್ನೊಂದು ಕೆಂಪು ಜಾಡಿ ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ, ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ತಿನ್ನಿಸಿ ಬಂದಿದ್ದಳು. ಇನ್ನೊಂದು ಚಮಚ ಅಮ್ಮಾ, ಎಂದು ಪುಸಲಾಯಿಸಿದ್ದಳು.

ಇವತ್ತು ಸಂಜೆ ಅಮ್ಮ ಬರುವವಳಿದ್ದಳು, ಈ ವರ್ಷದ ಜಾಡಿಗೆ.

ನಮ್ಮಮ್ಮನಿಗೂ ಇದೇನಾ ಎಂದು ಸೊಸೆ ಕೇಳಿದಳು. ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತಿನ್ಯಾವುದು, ಒಳ್ಳೆಯದು ಮನೆಗೆ ಬೇಡವೇ ಎಂದರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಯಾರೂ ಎಣಿಸುವುದಿಲ್ಲ, ಇಷ್ಟು ವರ್ಷದಲ್ಲಿ ಒಬ್ಬರಾದರೂ ಚೆನ್ನಾಗಿಲ್ಲ ಎಂದಿದ್ದಾರೆಯೇ, ಕುದಿಸಿದ ಮೇಲೆ ಎಲ್ಲ ಒಂದೇ. ಆ ಮಾತಿನಲ್ಲಿ ಕೆಡುಕಿನ ಸುಳಿವೂ ಇರಲಿಲ್ಲ. ಲೆಕ್ಕ ಸರಿಯಾಗಿ ಬಂದ ತೃಪ್ತಿಯಷ್ಟೇ ಇತ್ತು. ಅತ್ತೆ ಮನೆಯ ಗುಟ್ಟು ವಹಿಸಿಕೊಡುತ್ತಿದ್ದರು; ಮುಂದೆ ಸೊಸೆ ತನ್ನ ಸೊಸೆಗೆ ವಹಿಸಬೇಕು. ಅದನ್ನು ನೆನೆದೇ ಅವಳ ಬೆನ್ನಮೇಲೆ ಏನೋ ಹರಿದಂತಾಯಿತು. ಆದರೂ ಜಾಮನ್ನು ಜಾಡಿಗಳಿಗೆ ತುಂಬಿದಳು, ಹೊದಿಸಿದಳು, ಒಂದೊಂದಕ್ಕೂ ಅಮ್ಮನ ದಾರದಿಂದ ಕೆಂಪು ಗಂಟು ಹಾಕಿದಳು.

ಗಂಡನಿಗೆ ಹೇಳಬೇಕು ಎಂದುಕೊಂಡಳು. ಅವನದು ಔಷಧಿ ಅಂಗಡಿ. ಅವಧಿ ಮುಗಿದ ಒಂದು ಮಾತ್ರೆ ಕಂಡರೆ ಇಡೀ ಡಬ್ಬಿಯನ್ನೇ ಆಚೆಗಿಡುವ ಜಾತಿ. ಹೊರಗೆ ಹೋಗಿ ಬಂದರೆ ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಾನೆ. ಅವನಿಗೆ ಗೊತ್ತಾದರೆ ಮನೆ ಎರಡಾಗುತ್ತದೆ, ಆಗಲಿ. ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅತ್ತೆ ಆಗಲೇ ಉಂಡು ಮಲಗಿದ್ದರು. ಊಟದ ಕೊನೆಗೆ ಅವನಿಗೆ ಬ್ರೆಡ್ಡು, ಜಾಮು ಬೇಕೇ ಬೇಕು. ಬಿಳಿ ದಾರದ ಜಾಡಿಯಿಂದ ತೋಡಿ ಒಂದು ಬಟ್ಟಲಲ್ಲಿ ಹಾಕಿಟ್ಟು, ಮಾತು ಹೇಗೆ ಶುರುಮಾಡುವುದು ಎಂದು ಯೋಚಿಸುತ್ತ ಅವಳು ಎದುರಿಗೆ ಕೂತಳು.

ಅವನು ಚಮಚ ಎತ್ತಿದ. ಬಟ್ಟಲಿನ ಹತ್ತಿರ ಒಯ್ದವನು ನಿಲ್ಲಿಸಿದ.

"ಯಾವ ದಾರದ್ದು ಇದು?"

ಉಪ್ಪು ಕೊಡು ಎನ್ನುವಷ್ಟು ಸಲೀಸಾಗಿ ಕೇಳಿದ್ದ. ಕೇಳಿದ್ದೇ ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

"ಬಿಳಿ," ಎಂದಳು. ಅವನು ಬ್ರೆಡ್ಡಿಗೆ ಧಾರಾಳವಾಗಿ ಸವರಿಕೊಂಡ. ಅವಳು ಅವನ ತುಟಿ, ದವಡೆ, ಬಾಯಂಚಿಗೆ ಅಂಟಿದ ಅಂಜೂರದ ಬೀಜ ನೋಡುತ್ತ ಕೂತಳು.

"ನಿಮಗೆ ಗೊತ್ತಿತ್ತು," ಎಂದಳು ಕೊನೆಗೆ.

ಗೊತ್ತಿರದೆ ಏನು, ಚಿಕ್ಕಂದಿನಿಂದ ನೋಡಿದ್ದೇನೆ ಎಂದ ಅವನು. ಅಷ್ಟು ಹೊತ್ತು ಕುದಿಸಿದ ಮೇಲೆ ಯಾವ ಕ್ರಿಮಿಯೂ ಉಳಿಯುವುದಿಲ್ಲ, ನಿಮ್ಮಮ್ಮನಿಗೆ ಹೊಟ್ಟೆ ಕೆಟ್ಟಾಗ ನಾನೇ ಅಲ್ಲವೇ ಒಳ್ಳೆಯ ಮಾತ್ರೆ ಕೊಟ್ಟದ್ದು ಎಂದೂ ನೆನಪಿಸಿದ.

"ಏನೂ ಉಳಿಯಲ್ಲ ಅಂದ ಮೇಲೆ, ಯಾವ ದಾರದ್ದು ಅಂತ ಯಾಕೆ ಕೇಳಿದ್ರಿ?"

ಅವನು ಅಗಿಯುವುದನ್ನು ನಿಲ್ಲಿಸಿದ. ನೀರು ಕುಡಿದ. ನಮ್ಮಮ್ಮನಿಗೆ ವಯಸ್ಸಾಯಿತು, ಈಗ ಇದನ್ನೆಲ್ಲ ಕೆದಕುವುದು ಬೇಡ ಎಂದು ಎದ್ದು ಕೈ ತೊಳೆಯಲು ಹೋದ. ಮೊಣಕೈವರೆಗೆ ತೊಳೆದ. ನಲ್ಲಿಯ ಸದ್ದು ಕೇಳುತ್ತ ಕೂತ ಅವಳಿಗೆ ಬೆಳಗಿನ ಹಂಡೆಯ ವಾಸನೆ ವಾಪಸು ಬಂತು. ಆ ಕೈಯೊಂದಿಗೆ ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆನಲ್ಲ ಎನಿಸಿತು.

ಅವನು ಅಂಗಡಿಗೆ ಹೋದ ಮೇಲೆ ಅವಳು ಉಗ್ರಾಣದ ಬಾಗಿಲು ತೆರೆದಳು. ಅತ್ತೆಯ ಗೊರಕೆ ಒಂದೇ ಸಮ ಕೇಳುತ್ತಿತ್ತು. ಮೇಲಿನ ಹಲಗೆಯಲ್ಲಿ ಬಿಳಿ, ಕೆಳಗಿನದರಲ್ಲಿ ಹೋದ ವರ್ಷ ಕೊಟ್ಟು ಉಳಿದ ಕೆಂಪು. ಕೆಂಪನ್ನಷ್ಟೇ ಒಯ್ದು ಚರಂಡಿಗೆ ಸುರಿದರೆ ಮುಂದಿನ ವರ್ಷ ಮತ್ತೆ ಕೆಂಪು ಹಲಗೆ ತುಂಬುತ್ತದೆ, ಕೈ ಮಾತ್ರ ತನ್ನದಾಗಿರುತ್ತದೆ. ಅವಳು ಕತ್ತರಿ ತೆಗೆದುಕೊಂಡಳು. ಕೆಂಪು ಕತ್ತರಿಸಿದಳು, ಬಿಳಿ ಕತ್ತರಿಸಿದಳು. ಹೊದಿಸಿದ ತುಂಡುಗಳನ್ನೆಲ್ಲ ತೆಗೆದಳು. ಜಾಡಿಗಳು ಒಂದೇ ಅಂಗಡಿಯವು, ಒಂದೇ ಎತ್ತರದವು, ಹೊಟ್ಟೆಯೊಳಗೆ ಒಂದೇ ಜೇನುಗೆಂಪು. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ, ಹಿಂದಿನದನ್ನು ಮುಂದೆ, ಯಾವುದು ಎಲ್ಲಿತ್ತೆಂದು ತನಗೇ ಮರೆಯುವವರೆಗೆ ಇಟ್ಟಳು. ಅಡುಗೆಮನೆಯಲ್ಲಿದ್ದ ಬೆಳಗಿನ ಜಾಡಿಗಳನ್ನೂ ತಂದು ನಡುನಡುವೆ ಸೇರಿಸಿದಳು. ದಾರಗಳನ್ನು ಒಲೆಗೆ ಹಾಕಿದಳು. ಕೈ ಮೂಸಿದರೆ ಲವಂಗದ ವಾಸನೆ ಇತ್ತು.

ಸಂಜೆ ಅಮ್ಮ ಬಂದಳು, ಬಗಲಲ್ಲಿ ತುಂಡುಬಟ್ಟೆಯ ಚೀಲ. ಅತ್ತೆಯ ಕೈ ನೋಡಿ ಲೊಚಗುಟ್ಟಿದಳು, ಈ ಕೈಗೇ ಆಗಬೇಕಿತ್ತೇ ಎಂದು ಮರುಗಿದಳು. ಆಮೇಲೆ ಚೀಲದ ತಳದಿಂದ ಒಂದು ಹಳೆಯ ಉರುಳೆ ತೆಗೆದು ಮೇಜಿನ ಮೇಲಿಟ್ಟಳು. ಅದರ ತುಂಬ ಕೆಂಪು ದಾರ, ತುಂಡಿಗೆ ತುಂಡು ಗಂಟು ಹಾಕಿ ನೀಟಾಗಿ ಸುತ್ತಿದ್ದು.

"ನೀವು ಕಟ್ಟಿ ಕಳಿಸಿದ್ದು, ಎಸೆಯೋಕೆ ಮನಸ್ಸು ಬರಲ್ಲ ಅಕ್ಕಾ," ಎಂದಳು ಅಮ್ಮ. "ಒಂದೂ ಬಿಡದೆ ಸುತ್ತಿಟ್ಟಿದೀನಿ. ಮತ್ತೆ ಕಟ್ಟೋಕೆ ಆಗುತ್ತಲ್ಲ."

ಅತ್ತೆ ಪ್ರಸನ್ನರಾದರು. ನಿಮ್ಮ ಜಾಡಿ ನಾನೇ ತರುತ್ತೇನೆ ಎಂದು ಎದ್ದು ಉಗ್ರಾಣಕ್ಕೆ ಹೋದರು. ಹೋದವರು ಬರಲಿಲ್ಲ. ಅಷ್ಟರಲ್ಲಿ ಗಂಡ ಅಂಗಡಿಯಿಂದ ಬಂದು, ಉಗ್ರಾಣದ ಬಾಗಿಲಲ್ಲಿ ಇಣುಕಿ, ಅಲ್ಲೇ ನಿಂತ. ಆಮೇಲೆ ಅತ್ತೆಯ ದನಿ ಕೇಳಿಸಿತು, ಯಾರದೋ ದನಿಯಂತೆ ಸಣ್ಣಗೆ.

"ದಾರ ಎಲ್ಲಿ?"

"ಬಿಚ್ಚಿದೆ," ಎಂದಳು ಸೊಸೆ ಕೂತಲ್ಲಿಂದಲೇ. "ಕುದಿಸಿದ ಮೇಲೆ ಎಲ್ಲ ಒಂದೇ ಅಂದ್ರಲ್ಲ."

ಅಮ್ಮನಿಗೆ ಏನೂ ತಿಳಿಯಲಿಲ್ಲ. ಉಗ್ರಾಣದ ಕಡೆ ನೋಡಿ, ಹುಡುಕೋದು ಯಾಕಕ್ಕಾ, ಯಾವುದಾದರೇನು, ಎಲ್ಲ ನಿಮ್ಮ ಕೈಯದೇ ಅಲ್ವಾ ಎಂದಳು. ಬ್ರೆಡ್ಡಿದ್ದರೆ ಇಲ್ಲೇ ಎಲ್ಲರೂ ಒಂದೊಂದು ಚೂರು ತಿನ್ನೋಣ ಎಂದೂ ಆಸೆಯಿಂದ ಹೇಳಿದಳು.

ಸೊಸೆ ಎದ್ದು ಹಿತ್ತಲಿಗೆ ಹೋಗಿ, ಕೈಗೆಟುಕುವ ಕೊಂಬೆಯಿಂದ ಕಳಿತ ಅಂಜೂರ ಒಂದನ್ನು ಕಿತ್ತು ತೊಳೆದು ತಂದಳು. ಅಮ್ಮನ ಎದುರಿಗೆ ಕೂತು ಎರಡು ಹೋಳು ಮಾಡಿದಳು. ದೀಪದ ಕೆಳಗೆ ಹಿಡಿದು, ಬೀಜದ ಸಂದುಸಂದನ್ನೂ ಬೆರಳಿನಿಂದ ಬಿಡಿಸಿ ನೋಡಿದಳು. ಆಮೇಲೆ ಅಮ್ಮನ ಅಂಗೈಯಲ್ಲಿಟ್ಟಳು.

ಅಮ್ಮ ತಿನ್ನತೊಡಗಿದಳು. ಉಗ್ರಾಣದಲ್ಲಿ ಅತ್ತೆ ಎಡಗೈಯಲ್ಲಿ ಒಂದು ಜಾಡಿಯನ್ನು ದೀಪದ ಬೆಳಕಿಗೆ ಎತ್ತಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದರು, ಮೂಸಿದರು, ಮಗನ ಮೂಗಿಗೂ ಹಿಡಿದರು. ಅವನು ಮುಖ ಹಿಂದಕ್ಕೆಳೆದುಕೊಂಡ.