ಹುಮನಾಬಾದಿನ ಬಾರ್ಥೊಲೊಮ್ಯೂ

ಮೊಣಕಾಲು ಕೈಕೊಟ್ಟ ಮೇಲೆಯೇ ಕಾಂತಾಬಾಯಿಗೆ ಓದುವ ಚಟ ಹತ್ತಿದ್ದು. ಮೋರಖಂಡಿಯಲ್ಲಿ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಇಪ್ಪತ್ತು ವರ್ಷದಿಂದ ಅವಳೇ ಮುಂದಾಳು. ಹೋದ ಬೇಸಿಗೆಯಲ್ಲಿ ಜಾರಿ ಬಿದ್ದಾಗ ಡಾಕ್ಟರರು ಎರಡು ತಿಂಗಳು ಹೊಲದ ಕಡೆ ತಲೆ ಹಾಕಬೇಡ ಎಂದರು. ಸೊಸೆ ವಿಶಾಖಾ ಊರಿನ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಅತ್ತೆಯನ್ನು ಮನೆಯಲ್ಲಿ ಒಬ್ಬಳೇ ಬಿಟ್ಟರೆ ಓಣಿಯ ಅಡುಗೆಗಳಲ್ಲೆಲ್ಲ ತಪ್ಪು ಹುಡುಕಿ ಜಗಳ ತರುತ್ತಾಳೆಂದು ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕರೆದುಕೊಂಡು ಹೋಗಿ ಗ್ರಂಥಾಲಯದ ಫ್ಯಾನಿನ ಕೆಳಗೆ ಕೂರಿಸತೊಡಗಿದಳು.

"ಸುಮ್ನ ಕೂಡಬ್ಯಾಡ್ರಿ ಅತ್ತಿ, ಕೈಯಾಗ ಒಂದು ಪುಸ್ತಕ ಹಿಡೀರಿ. ಯಾರರೆ ಸಾಹೇಬ್ರು ಬಂದ್ರ, ಓದೋರು ಅದಾರ ಅಂತ ಕಾಣಸ್ತದ."

ಕಾಂತಾಬಾಯಿ ನಾಲ್ಕನೇ ಇಯತ್ತೆ ಕಲಿತವಳು. ಮುಖಪುಟದ ಮೇಲೆ ಕೋಳಿಯ ಚಿತ್ರವಿದ್ದ ಒಂದು ಪುಸ್ತಕ ಹಿಡಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದರೆ, ಅದು ತನ್ನ ಕೋಳಿಗಳನ್ನು ಕೊಚ್ಚಿಕೊಂಡು ಹೋದ ನದಿಯ ಮೇಲೆ ಪಂಚಾಯಿತಿ ಸೇರಿಸಿದ ಒಬ್ಬ ಮುದುಕಿಯ ಕತೆ. ಮುಗಿಸಲು ಒಂಬತ್ತು ದಿನ ಹಿಡಿಯಿತು.

"ಈ ಮುದುಕಿ ಯಾವೂರಾಕಿ?" ಎಂದು ಸೊಸೆಯನ್ನು ಕೇಳಿದಳು.

"ಆಫ್ರಿಕಾದಾಕಿ, ಅತ್ತಿ."

"ಎಲ್ಲಿಯಾಕಿ ಇರಲಿ, ಮಾತು ಖರೇ ಅದ."

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲವಾಯಿತು. ಕಪಾಟಿನಲ್ಲಿ ಯಾವ ಕಾಲದಲ್ಲೋ ಬಂದು ಬಿದ್ದಿದ್ದ ಅನುವಾದದ ಪುಸ್ತಕಗಳು ಎರಡು ಸಾಲು ಇದ್ದವು. ಒಂದು ಜಪಾನಿನ ಕತೆಯಲ್ಲಿ ಗಂಡು ಹೆಣ್ಣು ಇನ್ನೂರು ಪುಟ ಚಹಾ ಕುಡಿದರೂ ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಹೇಳಲಿಲ್ಲ. ನಡುವೆ ಬಾಯಿ ಹಾಕುವ ಒಬ್ಬ ಸೋದರತ್ತೆಯೂ ಇವರಿಗೆ ಇಲ್ಲವೇ ಎಂದು ಅವಳು ಬೇಜಾರುಪಟ್ಟಳು. ಕಡೆಯ ಪುಟದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಷ್ಯಾದ ಕತೆಯೊಂದರಲ್ಲಿ ನಾಲ್ಕು ಮಂದಿ ಗಂಡಸರಿದ್ದಾರೆಂದು ನೂರು ಪುಟ ಓದಿದ ಮೇಲೆ, ಅವರೆಲ್ಲ ಒಬ್ಬನೇ, ಅವನಿಗೇ ನಾಲ್ಕು ಹೆಸರು ಎಂದು ತಿಳಿದು ಸಿಟ್ಟಿಗೆದ್ದಳು. ಆದರೂ ಮೊದಲಿನಿಂದ ಮತ್ತೆ ಓದಿದಳು. ಐನೂರು ವರ್ಷ ಹಿಂದಿನ ಪರ್ಶಿಯಾದಲ್ಲಿ ಗಡ್ಡ ಬೋಳಿಸಿಕೊಂಡ ರಾಜನನ್ನು ಅರಮನೆಯವರೇ ಗುರುತು ಹಿಡಿಯದೆ ಹೊರದಬ್ಬಿದ ಕತೆಯನ್ನು ಒಂದೇ ದಿನದಲ್ಲಿ ಮುಗಿಸಿದಳು. ಚಂದ್ರನ ಮೇಲೆ ಊರು ಕಟ್ಟಿದವರ ಕತೆಯ ಬಗ್ಗೆ ಮಾತ್ರ ಅವಳಿಗೆ ತಕರಾರಿತ್ತು: ಅಷ್ಟು ಮಂದಿ ಕಸ ಎಲ್ಲಿ ಚೆಲ್ಲುತ್ತಾರೆಂದು ಬರೆದವನು ಎಲ್ಲೂ ಹೇಳಿರಲಿಲ್ಲ.

ಕಾಲು ವಾಸಿಯಾಗುವ ಹೊತ್ತಿಗೆ ಅವಳ ಕೈಗೆ ಇಂಗ್ಲೆಂಡಿನ ಒಂದು ಹಳೆಯ ಕೊಲೆಯ ಕಾದಂಬರಿ ಸಿಕ್ಕಿತು. ದೊಡ್ಡ ಮನೆಯ ಮುದುಕ ಬಿಸಿ ಹಾಲು ಕುಡಿದು ಮಲಗಿದವನು ಬೆಳಿಗ್ಗೆ ಏಳುವುದಿಲ್ಲ. ಮನೆಯಲ್ಲಿ ಆರು ಮಂದಿ. ಎಲ್ಲರ ಮೇಲೂ ಅನುಮಾನ. ಅದನ್ನು ಎರಡು ಸಲ ಓದಿ, ಸೋಯಾ ಹೊಲಕ್ಕೆ ಕಳೆ ತೆಗೆಯಲು ಹೋದ ಮೊದಲ ದಿನವೇ ಹೆಂಗಸರಿಗೆ ಹೇಳಲು ಶುರು ಮಾಡಿದಳು.

ತೊಂದರೆ ಹೆಸರುಗಳದ್ದು. ಮುದುಕನ ಅಣ್ಣನ ಮಗನ ಹೆಸರು ಬಾರ್ಥೊಲೊಮ್ಯೂ. ಅದನ್ನು ಕೇಳಿ ಹೆಂಗಸರು ಕುರುಪಿ ಕೆಳಗಿಟ್ಟು ನಕ್ಕರು. ಆದ್ದರಿಂದ ಕಾಂತಾಬಾಯಿ ಅವನನ್ನು ಬಸವಕುಮಾರ ಮಾಡಿದಳು. ಉಟ್ಟು ತೊಟ್ಟು ಚೆಂದ ಇರುವವನಿಗೆ ಒಪ್ಪುವ ಹೆಸರು. ಕತೆಯಲ್ಲಿ ಅವನು ರೈಲಿನಿಂದ ಇಳಿದು ಬರುತ್ತಾನೆ. ಹತ್ತಿರದ ಪೇಟೆ ಬಸವಕಲ್ಯಾಣದಲ್ಲಿ ರೈಲು ಎಲ್ಲಿಂದ ತರುವುದು? ಹಾಗಾಗಿ ಊರು ಹುಮನಾಬಾದವಾಯಿತು. ಅವನ ಕೈಗೆ ವಿಷ ಸಿಗಬೇಕಲ್ಲ, ಅದಕ್ಕೊಂದು ಬೀಜ-ಔಷಧಿಯ ಅಂಗಡಿಯನ್ನೂ ಹಾಕಿಕೊಟ್ಟಳು. ಕಾಕಾ ಸತ್ತು, ಕಿಟಕಿಯ ಕೆಳಗೆ ಬಸವಕುಮಾರನ ಬೂಟಿನ ಗುರುತು ಸಿಕ್ಕಲ್ಲಿಗೆ ಆ ದಿನ ಮುಗಿಯಿತು. ಮಿಕ್ಕಿದ್ದು ನಾಳೆ ಎಂದಳು.

ಮರುದಿನದಿಂದ ಐದು ದಿನ ಮಳೆ ಹಿಡಿಯಿತು. ಹೊಲಕ್ಕೆ ಯಾರೂ ಹೋಗಲಿಲ್ಲ. ಗುಂಪಿನ ಹೆಂಗಸೊಬ್ಬಳು ಹುಮನಾಬಾದಿನ ತವರಿಗೆ ಹೋದಳು. ಅರ್ಧ ಕತೆಯೂ ಅವಳ ಜೊತೆಗೆ ಹೋಯಿತು.

ಏಳನೆಯ ದಿನ ಗ್ರಂಥಾಲಯದ ಮುಂದೆ ಒಂದು ಮೋಟರ್ ಸೈಕಲ್ ನಿಂತಿತು. ಮೂವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ ಒಬ್ಬಾತ ಇಳಿದ. ಅವನ ಹಿಂದೆ ಬಿಳಿ ಧೋತರದ ಹಿರಿಯರೊಬ್ಬರು ಸೊಂಟ ಹಿಡಿದುಕೊಂಡು ಇಳಿದರು.

"ಕಾಂತಾಬಾಯಿ ಅನ್ನೋರು ಯಾರ್ರಿ?" ಎಂದು ಅವನು ಕೇಳಿದ.

"ನಾನೇ ನೋಡಪ. ಏನು ಬೇಕಾಗಿತ್ತು?"

"ನನ್ನ ಹೆಸರು ಬಸವಕುಮಾರ. ಹುಮನಾಬಾದದಾಗ ಬೀಜ-ಔಷಧಿ ಅಂಗಡಿ ಅದ. ಇವರು ನಮ್ಮ ಕಾಕಾ, ಓಂಪ್ರಕಾಶ ಅಂತ." ಅವನು ಮೊದಲು ತನ್ನತ್ತ, ಆಮೇಲೆ ಅವರತ್ತ ಬೆರಳು ತೋರಿಸಿದ, "ನಾ ವಿಷ ಹಾಕಿ ಕೊಂದಾಂವ. ಇವರು ಸತ್ತೋರು."

ಕಾಂತಾಬಾಯಿ ಎದ್ದು ನಿಂತಳು. ಓಂಪ್ರಕಾಶರು ಕೈ ಮುಗಿದು, "ಆರಾಮ ಅದೀನ್ರಿ," ಎಂದರು.

ಬಸವಕುಮಾರ ಮೂರು ದಿನ ಮನೆಮನೆ ಕೇಳಿಕೊಂಡು ಸುದ್ದಿಯ ಜಾಡು ಹಿಡಿದು ಬಂದಿದ್ದ. ಅಂಗಡಿಗೆ ಬಂದ ರೈತರು ಔಷಧಿಯ ಡಬ್ಬಿ ಕೈಗೆತ್ತಿಕೊಂಡು, "ಇದರಾಗಿಂದೇ ಏನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರಂತೆ. ಕಾಕಾ ಸಂತೆಯಲ್ಲಿ ಕಂಡರೆ ಮಂದಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಬಸವಕಲ್ಯಾಣದ ತ್ರಿಪುರಾಂತದಲ್ಲಿ ಧನಶ್ರೀ ಎಂಬ ಹುಡುಗಿಯ ಜೊತೆ ಅವನ ಮದುವೆಯ ಮಾತುಕತೆ ನಡೆದಿತ್ತು. ಆಕೆಯ ತಂದೆ ಗೋವರ್ಧನ ಫೋನು ಮಾಡಿ, ಸ್ವಲ್ಪ ದಿನ ತಡೆಯೋಣ ಎಂದಿದ್ದರು.

"ಕಾಕಾ ಜೀವಂತ ಅದಾರ ಅಂದೆ. 'ಇರಬಹುದು, ಆದ್ರ ಸುಮ್ನ ಯಾರದರೆ ಹೆಸರು ಬರ್ತದೇನು' ಅಂದ್ರು," ಎಂದ ಬಸವಕುಮಾರ. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

ವಿಶಾಖಾ ಪುಸ್ತಕ ತಂದು ಮೇಜಿನ ಮೇಲಿಟ್ಟು, "ಇದೇ ನೋಡ್ರಿ. ಅತ್ತಿ ಬರೇ ಹೆಸರು ಬದಲ ಮಾಡ್ಯಾರ," ಎಂದಳು. ಓಂಪ್ರಕಾಶರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು.

"ಹಂಗಾದ್ರ ನೀವು ಅವರ ಮನಿಗೆ ಬಂದು, ಇದು ಕತಿ ಅಂತ ಹೇಳಬೇಕು," ಎಂದ ಬಸವಕುಮಾರ. "ಪೂರಾ ಹೇಳ್ರಿ. ಕಡೀಕ ಆ ಹುಡುಗ ನಿರ್ದೋಷಿ ಅಂತ ಆಗ್ತದಲ್ಲ, ಅಲ್ಲೀತನಕ."

ಕಾಂತಾಬಾಯಿ ಸೊಸೆಯ ಮುಖ ನೋಡಿದಳು. ಸೊಸೆ ಕಪಾಟು ನೋಡಿದಳು.

"ಆಗ್ತದಲ್ರಿ?" ಎಂದು ಅವನು ಮತ್ತೆ ಕೇಳಿದ.

"ಇಲ್ಲಪ," ಎಂದಳು ಕಾಂತಾಬಾಯಿ. "ಅವನೇ—"

"ಹೇಳಬ್ಯಾಡ್ರಿ," ಎಂದು ಓಂಪ್ರಕಾಶರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಅವರು ಆಗಲೇ ಹನ್ನೊಂದನೆಯ ಪುಟದಲ್ಲಿದ್ದರು.

ಬಸವಕುಮಾರ ಅಂಗಲಾಚಿದ. ಕೊಲೆ ಮಾಡಿದವನನ್ನು ಬೇರೆ ಯಾರನ್ನಾದರೂ ಮಾಡಿಬಿಡಿ, ಅಡುಗೆಯವಳನ್ನು ಮಾಡಿ, ಡಾಕ್ಟರನನ್ನು ಮಾಡಿ ಎಂದ. ಕಾಂತಾಬಾಯಿ ಒಪ್ಪಲಿಲ್ಲ. "ಬರದಾಂವ ಮುನ್ನೂರು ಪುಟ ತಲಿ ಕೆಡಿಸ್ಕೊಂಡು ಬರದಾನ. ಅಡಗಿಯಾಕಿ ಆ ದಿನ ಊರಾಗೇ ಇದ್ದಿಲ್ಲ. ಆಕಿ ಮ್ಯಾಲ ಹ್ಯಾಂಗ ಹಾಕಲಿ?" ಕಡೆಗೆ, ಪುಸ್ತಕದಲ್ಲಿರುವ ಹೆಸರನ್ನೇ ಇಟ್ಟು ಹೇಳುವುದೆಂದು ತೀರ್ಮಾನವಾಯಿತು. ಕಾಂತಾಬಾಯಿ ಎರಡು ದಿನ ಮನೆಗೆಲಸ ಮಾಡುತ್ತಲೇ ಬಾರ್ಥೊಲೊಮ್ಯೂ, ಬಾರ್ಥೊಲೊಮ್ಯೂ ಎಂದು ಬಾಯಿಪಾಠ ಮಾಡಿದಳು.

ಗೋವರ್ಧನರ ಮನೆಗೆ ನಾಲ್ವರೂ ಹೋದದ್ದು ಭಾನುವಾರ ಮಧ್ಯಾಹ್ನ. ಓಂಪ್ರಕಾಶರು ಇನ್ನೂ ನೂರಾ ನಲವತ್ತನೆಯ ಪುಟದಲ್ಲಿದ್ದುದರಿಂದ ಒಳಗೆ ಬರಲು ಒಪ್ಪದೆ, ಪುಸ್ತಕ ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಕಾಂತಾಬಾಯಿಯೂ ರೂಢಿಯಂತೆ ಹೊಸ್ತಿಲ ಹತ್ತಿರವೇ ಕುಳಿತಳು. ಇಂಥ ಮನೆಗಳಲ್ಲಿ ಅವಳು ಅದಕ್ಕಿಂತ ಒಳಗೆ ಎಂದೂ ಹೋದವಳಲ್ಲ.

ಧನಶ್ರೀಯ ಅಜ್ಜಿ ಧೂಳಮ್ಮ ಮಂಚದ ಮೇಲಿಂದ ಕರೆದಳು. "ಅಲ್ಲಿ ಕೂತು ಏನು ಹೇಳ್ತಿ? ನನಗ ಕಿವಿ ಮಂದ ಅವ. ಇಲ್ಲಿ ಬಾ, ಮಗ್ಗಲಾಗ ಕೂಡು."

ಕಾಂತಾಬಾಯಿ ಗೋವರ್ಧನರ ಮುಖ ನೋಡಿದಳು. ಅವರು ಕುರ್ಚಿ ಸರಿಸಿ ದಾರಿ ಬಿಟ್ಟರು. ಅವಳು ಹೋಗಿ ಮಂಚದ ಮೇಲೆ ಕುಳಿತಳು.

"ಸತ್ತೋರು ಎಲ್ಲಿ ಅದಾರ?" ಎಂದು ಧೂಳಮ್ಮ ಕೇಳಿದಳು.

"ಹೊರಗ ಓದಾಕತ್ತಾರ್ರಿ," ಎಂದಳು ವಿಶಾಖಾ.

ಕತೆ ಶುರುವಾಯಿತು. ಐದು ನಿಮಿಷಕ್ಕೇ ಧೂಳಮ್ಮ ಕೈ ಅಡ್ಡ ಹಿಡಿದಳು. "ಆ ಹುಡುಗಂದು ಅದೇನು ಹೆಸರು? ಬಾಯಾಗ ಹೊಳ್ಳಂಗಿಲ್ಲ, ಕಿವಿಯಾಗ ನಿಂದ್ರಂಗಿಲ್ಲ. ನಮ್ಮ ಕಡೀದು ಇಡು."

"ಬ್ಯಾಡ್ರಿ ಆಯಿ," ಎಂದ ಬಸವಕುಮಾರ, ಕುರ್ಚಿಯ ತುದಿಗೆ ಬಂದು.

"ನಿಂದಲ್ಲಪ. ನನ್ನ ಮಗಂದೇ ಇಡು. ಗೋವರ್ಧನ. ಅವ ಏನೂ ಅನ್ಕೊಳ್ಳಂಗಿಲ್ಲ. ಹೌದಿಲ್ಲೋ?"

ಗೋವರ್ಧನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಮಾತು ಕಡಿಮೆ. "ನನಗೇನಾಗ್ತದ, ಇಡ್ರಿ," ಎಂದರು.

ಹಾಗೆ ಗೋವರ್ಧನ ಒಳ್ಳೆಯ ಕೋಟು ಹಾಕಿಕೊಂಡು ರೈಲಿನಿಂದ ಇಳಿದ. ಊರಿನ ಹುಡುಗಿಯರು ಅವನನ್ನು ತಿರುಗಿ ತಿರುಗಿ ನೋಡಿದರು. ಕುರ್ಚಿಯಲ್ಲಿದ್ದ ಗೋವರ್ಧನರು ಸ್ವಲ್ಪ ನೆಟ್ಟಗೆ ಕುಳಿತರು. ಕಾಕಾ ಸತ್ತ. ಕಿಟಕಿಯ ಕೆಳಗೆ ಗೋವರ್ಧನನ ಬೂಟಿನ ಗುರುತು ಸಿಕ್ಕಿತು. ಗೋವರ್ಧನರ ಹೆಂಡತಿ, ಬಾಗಿಲ ಬಳಿ ಗಂಡ ಬಿಟ್ಟಿದ್ದ ಬೂಟುಗಳತ್ತ ಒಮ್ಮೆ ನೋಡಿದಳು. ಗೋವರ್ಧನರು ಎರಡೂ ಕಾಲು ಕುರ್ಚಿಯ ಕೆಳಗೆ ಎಳೆದುಕೊಂಡರು.

ಕಾಂತಾಬಾಯಿ ಈಗ ಎದುರಿಗೆ ಯಾರಿದ್ದಾರೆಂಬುದನ್ನೇ ಮರೆತಿದ್ದಳು. ಪೊಲೀಸರ ಮುಂದೆ ಗೋವರ್ಧನ ಒಂದು ಸುಳ್ಳು ಹೇಳಿದ, ಅದನ್ನು ಮುಚ್ಚಲು ಇನ್ನೊಂದು ಹೇಳಿದ.

"ಅಪ್ಪಾ, ಆ ದಿನ ಹಾಲು ಯಾರು ಕಾಸಿದ್ರು?" ಎಂದಳು ಧನಶ್ರೀ. ಅವಳ ತುಟಿಯ ಕೊನೆಯಲ್ಲಿ ನಗೆಯಿತ್ತು.

"ನನಗ್ಯಾಕ ಕೇಳ್ತಿ? ನಾ ಆ ಮನಿಗೇ ಹೋಗಿಲ್ಲ," ಎಂದರು ಗೋವರ್ಧನ.

ಅದೇ ಹೊತ್ತಿಗೆ ಪಕ್ಕದ ಮನೆಯ ವಜೀರಬಿ ಹೆಪ್ಪಿಗೆ ಒಂದಿಷ್ಟು ಮೊಸರು ಕೇಳಲು ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಕಾಂತಾಬಾಯಿಯ ಮೇಲಿದ್ದವು.

"ಹಾಲಿನಾಗ ವಿಷ ಕಲಸಿದಾಂವ ಮತ್ಯಾರೂ ಅಲ್ಲ," ಎಂದಳು ಕಾಂತಾಬಾಯಿ, ದನಿ ಇಳಿಸಿ. "ಗೋವರ್ಧನನೇ. ಹತ್ತು ವರ್ಷದಿಂದ ಹೊಂಚು ಹಾಕಿದ್ದ."

ಬಟ್ಟಲು ಹೊಸ್ತಿಲ ಮೇಲೆ ಠಣ್ ಎಂದಿತು. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ವಜೀರಬಿ ಅಲ್ಲಿರಲಿಲ್ಲ.

"ಯಾರು ಬಂದಿದ್ರು?" ಎಂದರು ಗೋವರ್ಧನ.

ಉತ್ತರ ಓಣಿಯಿಂದ ಬಂತು. "ಹಾಯ್ ಅಲ್ಲಾ, ಮಾಸ್ತರ್ ಸಾಬ್ ಹಂಗೆಲ್ಲ ಮಾಡೋರಲ್ರಿ, ಎಷ್ಟು ಛಲೋ ಮನಿಷ್ಯಾ ಇದ್ರು," ಎಂದು ವಜೀರಬಿ ಯಾರಿಗೋ ಹೇಳುತ್ತಿದ್ದಳು. "ಇದ್ರು" ಎಂಬ ಮಾತು ಕೇಳಿ ಗೋವರ್ಧನರು ಕುರ್ಚಿಯಿಂದ ಎದ್ದರು. ಆದರೆ ಅವರಿಗಿಂತ ಮೊದಲು ಧನಶ್ರೀ ಬರಿಗಾಲಲ್ಲೇ ಓಡಿದಳು, ಅವಳ ಹಿಂದೆ ಬಸವಕುಮಾರ. ಇಬ್ಬರೂ ಸೇರಿ ವಜೀರಬಿಯನ್ನು ನಲ್ಲಿಯ ಹತ್ತಿರ ಹಿಡಿದರು. ಅಷ್ಟರಲ್ಲಿ ಕೇಳಿಸಿಕೊಂಡವರು ನಾಲ್ಕು ಮಂದಿ ಆಗಿದ್ದರು. ಬಸವಕುಮಾರ ಅವರಿಗೆಲ್ಲ ಇದು ಬರೇ ಕತೆ, ಸರ್ ಯಾರಿಗೂ ವಿಷ ಹಾಕಿಲ್ಲ, ಒಳಗೆ ಬಂದು ನೋಡಿ ಎಂದು ಕೈ ಮುಗಿದು ಹೇಳಿದ. ವಾರದಿಂದ ಅದೇ ಮಾತು ಹೇಳಿ ಹೇಳಿ ಅವನಿಗೆ ಅದು ಚೆನ್ನಾಗಿ ರೂಢಿಯಾಗಿತ್ತು.

ಅವರೆಲ್ಲ ಒಳಗೆ ಬಂದಾಗ ಧೂಳಮ್ಮ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನನ್ನ ಮಗಗ ಹಾಲು ಕಾಸಾಕೇ ಬರಂಗಿಲ್ಲ. ಇನ್ನ ವಿಷ ಯಾವಾಗ ಕಲಸ್ಬೇಕು?"

ಗೋವರ್ಧನರು ಮತ್ತೆ ಕುರ್ಚಿಯಲ್ಲಿ ಕುಳಿತರು. ಆಮೇಲೆ ಬಸವಕುಮಾರನ ಕಡೆ ತಿರುಗಿದರು. "ನಾಳೆ ಸಾಲಿಗೆ ಹೋದ್ರ ಹುಡುಗೂರು ಏನೇನು ಕೇಳ್ತಾವೋ."

"ಕಾಕಾಗ ಕರ್ಕೊಂಡು ಹೋಗ್ರಿ ಸರ್," ಎಂದ ಬಸವಕುಮಾರ. "ಆದ್ರ ಅದರಿಂದ ಏನೂ ಉಪಯೋಗ ಇಲ್ಲ. ನಾ ನೋಡೀನಿ."

ಗೋವರ್ಧನರಿಗೆ ನಗು ಬಂತು. ಅವರು ನಗುವುದನ್ನು ಆ ಮನೆಯವರು ಅಪರೂಪಕ್ಕೆ ನೋಡುತ್ತಿದ್ದರು. "ನಾ ಫೋನಿನ್ಯಾಗ ಹಂಗ ಮಾತಾಡಬಾರದಿತ್ತು," ಎಂದರು. "ತಪ್ಪಾತು. ಶ್ರಾವಣ ಮುಗೀಲಿ, ನಿಶ್ಚಿತಾರ್ಥಕ್ಕ ದಿನ ನೋಡೋಣ."

ವಜೀರಬಿ ಮತ್ತು ಅವಳ ಜೊತೆ ಬಂದ ನಾಲ್ವರು ಕತೆಯನ್ನು ಮೊದಲಿನಿಂದ ಕೇಳಬೇಕೆಂದರು. ಕಾಂತಾಬಾಯಿಗೆ ನೀರು ತಂದುಕೊಟ್ಟರು, ಆಮೇಲೆ ಚುರುಮುರಿಯ ಸುಸಲಾ, ಮಿರ್ಚಿ ಬಜ್ಜಿ ಬಂತು, ಚಹಾ ಬಂತು. ಅವಳು ಎರಡನೆಯ ಸಲ ಹೇಳುವಾಗ ಯಾವ ಹೆಸರನ್ನೂ ಇಡಲಿಲ್ಲ. ಬರೀ "ಆ ಹುಡುಗ" ಎಂದಳು. ಧೂಳಮ್ಮ ಪ್ರತಿ ಸಲ "ನನ್ನ ಮಗ" ಎಂದು ತಿದ್ದಿದಳು.

ಅಂಗಳದಲ್ಲಿ ಧನಶ್ರೀ ಬಸವಕುಮಾರನ ಹತ್ತಿರ ನಿಂತು, "ನೀವು ಏನರೆ ಓದ್ತೀರೇನ್ರಿ?" ಎಂದು ಕೇಳಿದಳು.

"ಔಷಧಿ ಡಬ್ಬಿ ಮ್ಯಾಲಿಂದು ಓದ್ತೀನ್ರಿ," ಎಂದ ಅವನು. ಸುಳ್ಳು ಹೇಳಲು ಅವನಿಗೆ ಧೈರ್ಯ ಉಳಿದಿರಲಿಲ್ಲ.

ಅವಳು ಒಳಗೆ ಹೋಗಿ ತನ್ನದೊಂದು ಪುಸ್ತಕ ತಂದುಕೊಟ್ಟಳು. ತೆಳ್ಳಗಿನದು. "ನಿಶ್ಚಿತಾರ್ಥದ ಒಳಗ ಮುಗಿಸ್ರಿ. ನಾ ಕೇಳ್ತೀನಿ."

ಸಂಜೆ ಅತ್ತೆ ಸೊಸೆ ಮೋರಖಂಡಿಯ ಬಸ್ಸು ಹತ್ತಿದರು. ಎರಡು ಸಲ ಕತೆ ಹೇಳಿ ಕಾಂತಾಬಾಯಿಯ ದನಿ ಒಡೆದಿತ್ತು. ಧೂಳಮ್ಮ ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲೇ ಬಂದಿರಬೇಕೆಂದು ಹೇಳಿ ಕಳಿಸಿದ್ದಳು, ಮತ್ತು ಬರುವಾಗ ನಗಿಸುವ ಕತೆ ಬೇಡ, ಅಳಿಸುವ ಕತೆ ತಾ ಎಂದಿದ್ದಳು.

"ಯಾವುದು ಹೇಳ್ತೀರಿ ಅತ್ತಿ?" ಎಂದು ವಿಶಾಖಾ ಕೇಳಿದಳು.

ಕಾಂತಾಬಾಯಿ ಕಿಟಕಿಯಾಚೆ ಹಸಿರಾಗಿದ್ದ ತೊಗರಿ ಹೊಲಗಳನ್ನು ನೋಡಿದಳು. ಆ ಮನೆಯ ಮಂಚದ ಮೇಲೆ ಕುಳಿತಿದ್ದದ್ದು, ಅಷ್ಟು ಮಂದಿ ತನ್ನ ಬಾಯಿಯನ್ನೇ ನೋಡುತ್ತಿದ್ದದ್ದು ಮನಸ್ಸಿಗೆ ಬಂದು ಒಳಗೊಳಗೇ ಖುಷಿಯಾಯಿತು.

"ಕಪಾಟಿನ ಎರಡನೇ ಸಾಲಿನ್ಯಾಗ ಇನ್ನ ಹದಿನಾರು ಪುಸ್ತಕ ಉಳದಾವ," ಎಂದಳು, ಒಡಕು ದನಿಯಲ್ಲಿ. "ಎಲ್ಲಾ ಓದಿ ಆರಸ್ತೀನಿ."